ಲಿವರ್‌ನ್ಯಾಗ ಗಡ್ಡಿ ಐತಿ ಅಂದ್ರ ಕ್ಯಾನ್ಸರ್ ಅಂತಲ್ಲ

ನಾನು ಬಿ.ಕಾಂ. ಓದಿದವ, ಡಾಕ್ಟರ್ ಅಲ್ಲ. ಆದ್ರ ಅಪ್ಪ-ಅವ್ವನ ಸ್ಕ್ಯಾನಿಂಗ್ ರಿಪೋರ್ಟ್ ಮನ್ಯಾಗ ಮೊದಲು ಓದೋರು ನಾವೇ, ಮೊಬೈಲ್ ಹಿಡಿದವರು. ಅದಕ್ಕ ಈ ಮಾತು.

ರಿಪೋರ್ಟಿನ್ಯಾಗ 'ಎಸ್‌ಒಎಲ್ ಲಿವರ್' ಅಂತಿದ್ರ, ಲಿವರಿನಲ್ಲಿ ಏನೋ ಒಂದು ಜಾಗ ಹಿಡದೈತಿ ಅಂತ ಅಷ್ಟ. ಕ್ಯಾನ್ಸರ್ ಅನ್ನೋ ತೀರ್ಪಲ್ಲ. ಲಿವರಿನ ನಿರಪಾಯದ ಗಡ್ಡಿಗಳಲ್ಲಿ ಅತಿ ಹೆಚ್ಚು ಕಾಣೋದು ಹಿಮಾಂಜಿಯೋಮಾ, ಅಂದ್ರ ರಕ್ತನಾಳಗಳ ಗಂಟು. ಬಹಳಷ್ಟು ಮಂದಿಗೆ ಅದಕ್ಕ ಚಿಕಿತ್ಸೆನೇ ಬೇಕಾಗಂಗಿಲ್ಲ.

ಹಂಗಾದ್ರ ಗುರುತು ಹಿಡಿಯೋದು ಹೆಂಗ? ಟ್ರಿಪಲ್ ಫೇಸ್ ಸಿ.ಟಿ. ಇಲ್ಲಾ ಎಂ.ಆರ್.ಐ. ರಕ್ತಕ್ಕ ಔಷಧ ಬಿಟ್ಟು, ಅದು ಹರಿಯೋದನ್ನ ಬ್ಯಾರೆ ಬ್ಯಾರೆ ಹೊತ್ತಿನ್ಯಾಗ ಚಿತ್ರ ತೆಗೀತಾರ. ಕಬ್ಬಿನ ಹೊಲಕ್ಕ ನೀರು ಬಿಟ್ಟಂಗ ಅನ್ಕೋರಿ. ಹಿಮಾಂಜಿಯೋಮಾದಾಗ ಮೊದಲು ಅಂಚು ತೊಯ್ತೈತಿ, ಆಮೇಲೆ ನೀರು ನಿಧಾನಕ್ಕ ನಡುವಿಗೆ ಹೋಗಿ ನಿಲ್ತೈತಿ. ಲಿವರ್ ಕ್ಯಾನ್ಸರಿನ್ಯಾಗ ಸಾಮಾನ್ಯವಾಗಿ ಬೇಗ ತುಂಬಿ, ಬೇಗ ಇಳದ ಹೋಗತೈತಿ.

ಕಷ್ಟ ಬರೋದು ವೇಷ ಬದಲಿಸೋ ಗಡ್ಡಿಗಳಿಂದ. ಹಳೇ ಹಿಮಾಂಜಿಯೋಮಾ ಗಟ್ಟಿಯಾದ್ರ ಬ್ಯಾರೆ ಕಡೆಯಿಂದ ಹಬ್ಬಿದ ಕ್ಯಾನ್ಸರಿನಂಗ ಕಾಣಬಹುದು. ಆಂಜಿಯೋಮಯೋಲೈಪೋಮಾ ಅನ್ನೋ ಅಪರೂಪದ್ದರಾಗ ರಕ್ತನಾಳ, ಸ್ನಾಯು, ಕೊಬ್ಬು ಮೂರೂ ಇರತಾವ. ಕೊಬ್ಬು ಕಡಿಮೆ ಇದ್ರ ಅದು ಥೇಟ್ ಲಿವರ್ ಕ್ಯಾನ್ಸರಿನಂಗ ಕಾಣಬಹುದು. ಆಗ ಸೂಜಿಯಿಂದ ಚೂರು ತೆಗೆದು, ಎಚ್‌ಎಂಬಿ-45 ಅನ್ನೋ ಪರೀಕ್ಷೆ ಮಾಡಿದ್ರ ಗುರುತು ಸಿಗತೈತಿ.

ಆದ್ರ ಸೂಜಿಗೂ ಅವಸರ ಬ್ಯಾಡ. ಕುರಿಯಿಂದ ನಾಯಿಗೆ, ನಾಯಿಯಿಂದ ಮನುಷ್ಯರಿಗೆ ಬರೋ ಹುಳದಿಂದ ಲಿವರಿನ್ಯಾಗ ಹೈಡಾಟಿಡ್ ಅನ್ನೋ ನೀರುಗುಳ್ಳೆ ಆಗತೈತಿ. ಗೊತ್ತಿಲ್ಲದ ಅದನ್ನ ಚುಚ್ಚಿದ್ರ ಒಳಗಿನ ನೀರು ಸೋರಿ, ಜೀವಕ್ಕೇ ಅಪಾಯದ ಅಲರ್ಜಿ ಆಗಬಹುದು. ಮನ್ಯಾಗ ಕುರಿ, ನಾಯಿ ಇದ್ರ ಡಾಕ್ಟರಿಗೆ ಮೊದಲೇ ಹೇಳ್ರಿ.

ಡಾಕ್ಟರ ಮುಂದ ಕೂತಾಗ ಮೂರು ಮಾತು ಕೇಳ್ರಿ. ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗೇತೇನ್ರಿ? ಎಎಫ್‌ಪಿ ರಕ್ತ ಪರೀಕ್ಷೆ ಬೇಕೇನ್ರಿ? ಹಳೇ ಸ್ಕ್ಯಾನ್ ಜೋಡಿ ಹೋಲಿಸಿ ನೋಡಬಹುದೇನ್ರಿ? ಎಎಫ್‌ಪಿ ನಾರ್ಮಲ್ ಬಂತು ಅಂದಾಕ್ಷಣ ಕ್ಯಾನ್ಸರ್ ಇಲ್ಲ ಅಂತಲ್ಲ, ಅದೂ ನೆನಪಿರ್ಲಿ.

ಒಂದೇ ಎಂಟ್ರಿ ನೋಡಿ ಅಂಗಡಿ ಲಾಭದಾಗೈತೋ ನಷ್ಟದಾಗೈತೋ ಹೇಳಾಕ ಆಗಂಗಿಲ್ಲ. ರಿಪೋರ್ಟೂ ಹಂಗ. ಹೆದರಿ ಆಪರೇಷನ್‌ಗೆ ಓಡಬ್ಯಾಡ್ರಿ, 'ಏನೂ ಆಗಲ್ಲ ಬಿಡು' ಅಂತ ಕಪಾಟಿನ್ಯಾಗೂ ಇಡಬ್ಯಾಡ್ರಿ. ಫಿಲ್ಮು, ಸಿ.ಡಿ. ಜ್ವಾಪಾನ ಮಾಡಿ, ಲಿವರ್ ತಜ್ಞರಿಗೆ ತೋರಸ್ರಿ. ಮುಂದಿನ ವಾರ ಸಿಗೂಣು.