ಕಥೆಗಳಲ್ಲಿ ಕೀಟಗಳು: ದುಂಬಿ, ಇರುವೆ, ಸೊಳ್ಳೆ

(ಸಾರಕ್ಕಿಯಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಸಾರಕ್ಕಿಯಲ್ಲಿ ನಿಂತು ಕೀಟಗಳ ಬಗ್ಗೆ ಮಾತನಾಡುತ್ತೇನೆ ಎಂದರೆ ಕೆರೆಯ ಸೊಳ್ಳೆಗಳ ಮೇಲೆ ದೂರು ಹೇಳಲು ಬಂದಿದ್ದಾರೆ ಎಂದು ನೀವು ತಿಳಿಯಬಹುದು. ಸೊಳ್ಳೆಯೂ ಬರುತ್ತದೆ, ಆದರೆ ಕೊನೆಗೆ. ಈ ವಿಷಯ ಹೊಳೆದದ್ದು ಒಬ್ಬ ತಾಯಿಯಿಂದ. ಮಗನ ಕನ್ನಡ ನೋಟ್‌ಬುಕ್ಕಿನಲ್ಲಿ ಕಟೀಲಿನ ದುಂಬಿಯ ಕಥೆಯನ್ನು ನೋಡಿ ಅವರು ಶಾಲೆಗೆ ಬಂದರು. "ಆಪಾ, ಇದೆಲ್ಲ ನಮ್ಮ ಮಕ್ಕಳಿಗೆ ಯಾಕೆ?" ಎಂದು ಕೇಳಿದರು. ಜಗಳಕ್ಕೆ ಬಂದವರಲ್ಲ, ಆತಂಕದಿಂದ ಬಂದವರು. ಅಂದು ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ.

ಆ ಕಥೆಯನ್ನು ನಾನು ಹೇಳಿದ್ದು ಛಂದಸ್ಸಿನ ಪಾಠಕ್ಕಾಗಿ. ಅರುಣಾಸುರನೆಂಬ ರಾಕ್ಷಸ ಬ್ರಹ್ಮನಿಂದ ವರ ಪಡೆಯುತ್ತಾನೆ. ಎರಡು ಕಾಲಿನವರಿಂದಾಗಲಿ ನಾಲ್ಕು ಕಾಲಿನ ಪ್ರಾಣಿಗಳಿಂದಾಗಲಿ ತನಗೆ ಸಾವು ಬರಬಾರದು ಎಂದು ಕೇಳಿಕೊಳ್ಳುತ್ತಾನೆ. ಆರು ಕಾಲಿನದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೇವಿ ದುಂಬಿಯ ರೂಪದಲ್ಲಿ ಬಂದು ಅವನನ್ನು ಕೊಲ್ಲುತ್ತಾಳೆ. ದಕ್ಷಿಣ ಕನ್ನಡದಲ್ಲಿ ನಂದಿನಿ ನದಿಯ ನಡುವೆ ಇರುವ ಕಟೀಲು ಈ ಕಥೆಯ ಕ್ಷೇತ್ರ. ಕಟೀಲು ಮೇಳದವರು ಇದನ್ನು ಯಕ್ಷಗಾನದಲ್ಲಿ ಆಡುತ್ತಾರೆ. ಸಂಸ್ಕೃತದಲ್ಲಿ ದುಂಬಿಗೆ 'ಷಟ್ಪದ', ಅಂದರೆ ಆರು ಕಾಲಿನದು ಎಂಬ ಹೆಸರಿದೆ. ಕನ್ನಡದಲ್ಲಿ ಆರು ಸಾಲಿನ ಪದ್ಯ ಷಟ್ಪದಿ. ಕುಮಾರವ್ಯಾಸ ಬರೆದದ್ದು ಭಾಮಿನಿಯಲ್ಲಿ, ಲಕ್ಷ್ಮೀಶ ಬರೆದದ್ದು ವಾರ್ಧಕದಲ್ಲಿ. ದುಂಬಿಯ ಕಾಲು ಎಣಿಸಿದ ಮೇಲೆ ನನ್ನ ತರಗತಿಯಲ್ಲಿ ಯಾರೂ ಷಟ್ಪದಿಯ ಸಾಲುಗಳ ಲೆಕ್ಕ ತಪ್ಪಿಲ್ಲ. ನೆರೆಯವರ ಕಥೆಯನ್ನು ತಿಳಿಯುವುದು ಬೇರೆ, ಅದನ್ನು ನಂಬುವುದು ಬೇರೆ. ಮಕ್ಕಳಿಗೆ ಈ ವ್ಯತ್ಯಾಸ ನಾವು ತಿಳಿದುಕೊಂಡಿರುವುದಕ್ಕಿಂತ ಬೇಗ ಅರ್ಥವಾಗುತ್ತದೆ.

ಇಂತಹ ಕಥೆಗಳು ಎಲ್ಲ ನಾಡುಗಳಲ್ಲೂ ಇವೆ. ಸಗಣಿಯ ಉಂಡೆ ಉರುಳಿಸುವ ಜೀರುಂಡೆಯನ್ನು ಕಂಡ ಪ್ರಾಚೀನ ಈಜಿಪ್ಟಿನವರು, ಸೂರ್ಯನನ್ನೂ ಹೀಗೆಯೇ ಒಬ್ಬ ದೇವತೆ ಉರುಳಿಸುತ್ತಾನೆ ಎಂದು ಭಾವಿಸಿ ಅವನನ್ನು ಖೆಪ್ರಿ ಎಂದು ಕರೆದರು. ಗ್ರೀಕರ ಕಥೆಯೊಂದರಲ್ಲಿ ರೋಗದಿಂದ ಬರಿದಾದ ಒಂದು ದ್ವೀಪಕ್ಕೆ ಇರುವೆಗಳನ್ನೇ ಮನುಷ್ಯರನ್ನಾಗಿ ಮಾಡಲಾಗುತ್ತದೆ.

ಇನ್ನು ನಮ್ಮ ಮನೆಗೆ ಬರೋಣ. ಪವಿತ್ರ ಕುರ್‌ಆನಿನ 16ನೆಯ ಅಧ್ಯಾಯಕ್ಕೆ ಜೇನ್ನೊಣದ ಹೆಸರಿದೆ, 27ನೆಯದಕ್ಕೆ ಇರುವೆಯ ಹೆಸರಿದೆ. (29ನೆಯದು ಜೇಡದ ಹೆಸರಿನದು. ಜೇಡಕ್ಕೆ ಎಂಟು ಕಾಲು, ಅದು ಕೀಟವಲ್ಲ ಎಂದು ನಮ್ಮ ವಿಜ್ಞಾನದ ಟೀಚರ್ ಈಗಾಗಲೇ ಎಚ್ಚರಿಸಿದ್ದಾರೆ.) ಪ್ರವಾದಿ ಸುಲೈಮಾನ್ (ಅ)ರ ಸೈನ್ಯ ಬರುವುದನ್ನು ಕಂಡ ಇರುವೆಯೊಂದು, ಅವರು ಅರಿಯದೆ ತುಳಿದುಬಿಟ್ಟಾರು, ಗೂಡಿಗೆ ಹೋಗಿ ಎಂದು ತನ್ನವರಿಗೆ ಹೇಳುತ್ತದೆ. ಸುಲೈಮಾನರು ಅದನ್ನು ಕೇಳಿ ಮುಗುಳ್ನಕ್ಕು ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸುತ್ತಾರೆ.

ಈ ಇರುವೆಯ ಬಗ್ಗೆ ವಿದ್ವಾಂಸರು ಹೇಳುವ ಒಂದು ಪ್ರಸಂಗ ಭಾಷಾ ಶಿಕ್ಷಕಿಯಾದ ನನಗೆ ಬಹಳ ಇಷ್ಟ. ಕತಾದಾ ಎಂಬ ದೊಡ್ಡ ವಿದ್ವಾಂಸರು ಕೂಫಾ ನಗರಕ್ಕೆ ಬಂದು, ಏನು ಬೇಕಾದರೂ ಕೇಳಿ ಎಂದರಂತೆ. ಆಗಿನ್ನೂ ಹುಡುಗರಾಗಿದ್ದ ಇಮಾಮ್ ಅಬೂ ಹನೀಫಾ, ಸುಲೈಮಾನರ ಇರುವೆ ಗಂಡೋ ಹೆಣ್ಣೋ ಎಂದು ಕೇಳಿಸಿದರು. ಕತಾದಾ ಸುಮ್ಮನಾದರು. ಹೆಣ್ಣು ಎಂದರು ಅಬೂ ಹನೀಫಾ. ಅಲ್ಲಿರುವ ಕ್ರಿಯಾಪದ 'ಕಾಲತ್', ಗಂಡಾಗಿದ್ದರೆ 'ಕಾಲ' ಎಂದಿರುತ್ತಿತ್ತು. ಗೂಡಿನ ಹೊರಗೆ ನಾವು ಕಾಣುವ ಕೆಲಸಗಾರ ಇರುವೆಗಳೆಲ್ಲ ಹೆಣ್ಣೇ ಎಂದು ಇಂದಿನ ಜೀವಶಾಸ್ತ್ರ ಹೇಳುತ್ತದೆ. ಕೂಡಲೇ ಚಪ್ಪಾಳೆ ತಟ್ಟಬೇಡಿ. ಅರಬಿಯಲ್ಲಿ ಆ ಪದ ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ, ಕ್ರಿಯಾಪದ ಬರೀ ಪದದ ಲಿಂಗವನ್ನು ಅನುಸರಿಸಿರಬಹುದು ಎಂದು ನಮ್ಮ ಹಳೆಯ ವ್ಯಾಕರಣಕಾರರೇ ಆಕ್ಷೇಪ ಎತ್ತಿದ್ದಾರೆ. ಇಮಾಮರ ಮಾತನ್ನೂ ಪ್ರಶ್ನಿಸಿದ ಆ ಧೈರ್ಯವನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಉರ್ದುವಿನಲ್ಲಿ 'ಚೀಂಟಿ ಬೋಲೀ', ಕನ್ನಡದಲ್ಲಿ 'ಇರುವೆ ಹೇಳಿತು'. ಪರೀಕ್ಷೆಯಲ್ಲಿ ಒಬ್ಬ ಹುಡುಗಿ 'ಇರುವೆ ಹೇಳಿದಳು' ಎಂದು ಬರೆದಿದ್ದಳು. ಅರ್ಧ ಅಂಕ ಕಳೆದೆ, ಮನಸ್ಸಿಲ್ಲದೆ.

ಆದರೆ ನಾವು ಮಕ್ಕಳಿಗೆ ಹೇಳುವುದೆಲ್ಲವೂ ಕುರ್‌ಆನಿನಲ್ಲಿ ಇಲ್ಲ. ಪ್ರವಾದಿ ಅಯ್ಯೂಬ್ (ಅ)ರ ದೇಹದ ಹುಳುಗಳೇ ರೇಷ್ಮೆಹುಳುಗಳಾದವು ಎಂಬ ಕಥೆಯಿದೆ. ಕುರ್‌ಆನಿನಲ್ಲಿ ಅವರ ಸಂಕಟವೂ ಸಹನೆಯೂ ಇವೆ, ಹುಳುಗಳಿಲ್ಲ. ಪ್ರವಾದಿಗಳಿಗೆ ಅಸಹ್ಯ ಹುಟ್ಟಿಸುವ ರೋಗ ಬರುವುದಿಲ್ಲ ಎಂದು ಅನೇಕ ಉಲಮಾಗಳು ಆ ಕಥೆಯನ್ನು ತಳ್ಳಿಹಾಕಿದ್ದಾರೆ. ರೇಷ್ಮೆಹುಳುವನ್ನು ಮೊದಲು ಸಾಕಿದವರು ಚೀನೀಯರು. ಮೈಸೂರು ಸೀಮೆಯಲ್ಲಿ ಅದರ ಸಾಕಣೆಗೆ 18ನೆಯ ಶತಮಾನದ ಕೊನೆಯಲ್ಲಿ ಒತ್ತುಕೊಟ್ಟವರು ಟಿಪ್ಪು ಸುಲ್ತಾನರು. ರಾಮನಗರದಲ್ಲೂ ಶಿಡ್ಲಘಟ್ಟದಲ್ಲೂ ನೂಲು ಬಿಚ್ಚುವ ನಮ್ಮವರ ಮನೆಗಳಲ್ಲಿ ಈ ಇತಿಹಾಸವನ್ನೂ ಹೇಳಬೇಕು.

ಆ ತಾಯಿ ಮತ್ತೊಮ್ಮೆ ಬಂದಾಗ ಇದನ್ನೆಲ್ಲ ಹೇಳಿದೆ. ಕಟೀಲಿನ ಕಥೆ ಅವರದು ಎಂದು ನಿಮ್ಮ ಮಗನಿಗೆ ಗೊತ್ತಿದೆ. ನಮ್ಮ ಕಥೆಗಳಲ್ಲಿ ಯಾವುದು ಕುರ್‌ಆನ್, ಯಾವುದು ಕಿಸ್ಸಾ ಎಂಬುದು ಅವನಿಗೆ ಗೊತ್ತೇ ಎಂದು ಕೇಳಿದೆ. ನಮ್ರೂದನ ಮೂಗಿಗೆ ಹೊಕ್ಕು ಅವನನ್ನು ಕೊಂದ ಸೊಳ್ಳೆಯನ್ನೇ ಉದಾಹರಣೆ ಕೊಟ್ಟೆ. ಸೊಳ್ಳೆಯ ಉಪಮೆ ಕುರ್‌ಆನಿನಲ್ಲಿದೆ, ಇಬ್ರಾಹೀಮ್ (ಅ)ರೊಂದಿಗೆ ವಾದಿಸಿದ ರಾಜನೂ ಇದ್ದಾನೆ. ಆದರೆ ಅವನ ಹೆಸರಾಗಲಿ, ಮೂಗಿಗೆ ಹೊಕ್ಕ ಸೊಳ್ಳೆಯಾಗಲಿ ಅಲ್ಲಿ ಇಲ್ಲ. ಅವು ವ್ಯಾಖ್ಯಾನಕಾರರು ಹೇಳಿದ ಕಥೆಗಳಿಂದ ಬಂದವು.

ಅವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಹಾಯ್ ಅಲ್ಲಾ, ನಿನ್ನೆ ರಾತ್ರಿ ತಾನೇ ಕುರ್‌ಆನಿನಲ್ಲಿದೆ ಎಂದು ಹೇಳಿ ಮಲಗಿಸಿದೆನಲ್ಲ ಆಪಾ!"

ಇಂದು ರಾತ್ರಿಯೂ ಅದನ್ನೇ ಹೇಳಿ ಎಂದೆ, ಕಿಸ್ಸಾ ಎಂದು ಹೇಳಿ.