ನಿವೃತ್ತಿಯ ಗಾಡಿ, ನೀರಿನ ಲೆಕ್ಕ



ಬ್ಯಾಂಕಿನ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ನಾನೊಂದು ಹಳೆಯ ಟಾಟಾ ಏಸ್ ಕೊಂಡೆ. 2005ರಲ್ಲಿ ಬಂದ ಈ ಗಾಡಿಯನ್ನು ನೀವು ಛೋಟಾ ಹಾಥಿ ಎಂದರೇ ಬಲ್ಲಿರಿ. ನಮ್ಮ ಮನೆಯವರ ಜೊತೆ ಒಂದು ಚಳಿಗಾಲ ಜೈಸಲ್ಮೇರಿನ ಮರಳುಗಾಡಿನಲ್ಲಿ ತಂಗಿ ಬರಬೇಕೆಂಬ ಆಸೆ. ಆದೋನಿಯ ಗೆಳೆಯರು ನಕ್ಕರು: "ನಮ್ಮದೇನು ಮಲೆನಾಡೇನಪ್ಪಾ, ಬಯಲು ನೋಡಲು ಅಲ್ಲಿಗೆ ಹೋಗೋಕೆ?"

ಮೊದಲು ಹಿಂದುಗಡೆ ತಗಡಿನ ಕೋಣೆಯನ್ನೇ ಬೆಸುಗೆ ಹಾಕಿಸಲು ಹೊರಟಿದ್ದೆ. ಆರ್.ಸಿ.ಯಲ್ಲಿ ಬರೆದಿರುವ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಆದ್ದರಿಂದ ಕೋಣೆ ಬಿಟ್ಟೆ. ಟಾರ್ಪಾಲು, ಹಗ್ಗ, ಒಂದು ಹೊರಸು, ಐದು ಕಿಲೋದ ಸಣ್ಣ ಸಿಲಿಂಡರು ಸಾಕು ಅನ್ನಿಸಿತು. ಹೊರಸೆಂದರೆ ನಿಮ್ಮ ತೆಲುಗಿನ ನುಲಕ ಮಂಚವೇ. ಬಿಸಿಲಿಗೆ ಕಾದ ತಗಡಿನ ಮೇಲೆ ರಾತ್ರಿ ಮಲಗುವುದಾಗದು.

ಇನ್ನು ಸಾಮಾನು ಹೇರುವ ವಿದ್ಯೆ. ಅದನ್ನು ಕಲಿಸಿದವರು ಕೋಸಿಗಿ ಕಡೆಯಿಂದ ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು ಹೋಗುವವರು. ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೊರಗಿರುವ ಈ ವಲಸೆಗೆ ನಮ್ಮಲ್ಲಿ ಸುಗ್ಗಿಗೆ ಹೋಗುವುದು ಅನ್ನುತ್ತಾರೆ. ಎಂಥ ಸುಗ್ಗಿಯೋ! ನಾನು ಹೊರಟದ್ದು ಸಂತೋಷಕ್ಕೆ, ಅವರು ಹೊಟ್ಟೆಪಾಡಿಗೆ. ನನ್ನ ಗಾಡಿ ನೋಡಿ ಒಬ್ಬ ಮುದುಕಿ ಅಂದಳು: "ಯಪ್ಪಾ, ನೀರಿನ ಡ್ರಮ್ಮು ಹಿಂದ್ಯಾಕ ಇಟ್ಟೀರಿ? ಮುಂದ ತಳ್ಳಿರಿ." ನಿಜ, ಹಿಂದೆ ಭಾರ ಹೆಚ್ಚಾದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗು ಮಾತು ಕೇಳುವುದಿಲ್ಲ.

ಡ್ರಮ್ಮು ಮುಂದೆ ತಳ್ಳಿದೆ, ಆದರೆ ನಲ್ಲಿ ನೋಡಿಕೊಳ್ಳಲಿಲ್ಲ. ಪರೀಕ್ಷೆಗೆಂದು ಹೊಳಗುಂದದ ಆಚೆ ಒಂದು ಮಸಾರಿ ಹೊಲದಲ್ಲಿ ತಂಗಿದೆವು. ಎರೆ ಹೊಲಕ್ಕೆ ಮಾತ್ರ ಇಳಿಯಬೇಡಿ, ಒಂದು ಮಳೆ ಬಿದ್ದರೆ ಗಾಡಿ ಅಲ್ಲೇ. ದಾರಿಯ ಕುಲುಕಾಟಕ್ಕೆ ನಲ್ಲಿ ಸಡಿಲಾಗಿ ರಾತ್ರಿಯೆಲ್ಲ ಸೋರಿತ್ತು. ಬೆಳಿಗ್ಗೆ ಉಳಿದದ್ದು ತಂಬಿಗೆ ನೀರು. ನಮ್ಮ ಮನೆಯವರು ಬಿ.ಪಿ. ಮಾತ್ರೆ ನುಂಗಿ, ಉಳಿದದ್ದನ್ನು ನನ್ನ ಕಡೆ ಸರಿಸಿ ಸುಮ್ಮನೆ ಕುಳಿತರು. ಬೈದಿದ್ದರೆ ವಾಸಿಯಿತ್ತು. ಬಿಸಿಲೇರುವ ಹೊತ್ತಿಗೆ ಕುರಿ ಕಾಯುವ ಹುಡುಗನೊಬ್ಬ ಬೋರುಬಾವಿ ತೋರಿಸಿದ.

ಈಗ ಡ್ರಮ್ಮಿಲ್ಲ. ಇಪ್ಪತ್ತು ಲೀಟರಿನ ಹತ್ತು ಕ್ಯಾನು. ಇಬ್ಬರಿಗೆ ಕುಡಿಯಲು, ಅಡಿಗೆಗೆ ದಿನಕ್ಕೆ 10 ಲೀಟರು, ತೊಳೆಯಲು ಇನ್ನೊಂದು 10. ಹತ್ತು ದಿನ ನಡೆಯುತ್ತದೆ. ಒಂದು ಸೋರಿದರೆ ಹೋಗುವುದು ಒಂದೇ. ಆದರೆ ನೀರೇ 200 ಕಿಲೋ ಆಯಿತು. ಮುಕ್ಕಾಲು ಟನ್ನು ಹೊರುವ ಗಾಡಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಅದಕ್ಕೇ ಹೋಯಿತು.

ಮೊಮ್ಮಗ ತಾನೂ ಹಿಂದೆ ಕೂರುತ್ತೇನೆಂದು ಹಟ ಹಿಡಿದ, ಒಪ್ಪಲಿಲ್ಲ. ಜಾತ್ರೆಗೆ, ಮದುವೆಗೆ ಹೀಗೆ ಜನ ತುಂಬಿಕೊಂಡು ಹೋಗುವ ನಿಮಗೂ ಹೇಳುತ್ತೇನೆ. ಸರಕಿನ ಗಾಡಿಯ ಹಿಂದೆ ಕೂತವರಿಗೆ ಅಪಘಾತವಾದರೆ ವಿಮೆಯ ಹಣ ಸಿಗುವುದು ಬಲು ಕಷ್ಟ.

ಜೈಸಲ್ಮೇರಿಗೆ ಇನ್ನೂ ಹೋಗಿಲ್ಲ. ಬರುವ ಕಾರ್ತೀಕ ಕಳೆದ ಮೇಲೆ ಹೊರಡುವುದೆಂದು ಮಾತಾಗಿದೆ. ನಮ್ಮ ಮನೆಯವರದು ಒಂದೇ ಷರತ್ತು: ರಾತ್ರಿ ಮಲಗುವ ಮುಂಚೆ ಕ್ಯಾನು ಎಣಿಸುವವರು ಅವರೇ.