ಕಾತ್ಯಾಯನಿಯ ರೈಲು ಮತ್ತು ನಮ್ಮ ಮನೆಯ ಹೆಣ್ಣುಮಕ್ಕಳು

(ಪಾಂಡವಪುರದಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ವಚನ ಬಿಟ್ಟು ಕಾದಂಬರಿಯ ಮೇಲೆ ಮಾತಾಡುವುದೇಕೆ ಎಂದು ಹಿರಿಯರೊಬ್ಬರು ಈಗತಾನೆ ಕೇಳಿದರು. ಉತ್ತರ ಮಾತಿನ ನಡುವೆ ಸಿಕ್ಕೀತು.

ಎಸ್.ಎಲ್. ಭೈರಪ್ಪನವರು ನಮಗೆ ದೂರದವರಲ್ಲ. ನಾಗಮಂಗಲ, ಕೃಷ್ಣರಾಜಪೇಟೆಗಳ ಮಗ್ಗುಲಲ್ಲೇ ಇರುವ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಅವರ ‘ವಂಶವೃಕ್ಷ’ 1965ರಲ್ಲಿ ಬಂತು. ಕಥೆ ನಡೆಯುವುದು ನಂಜನಗೂಡಿನಲ್ಲಿ, ಕಪಿಲೆಯ ದಡದಲ್ಲಿ. ಶ್ರೀರಂಗಪಟ್ಟಣ ದಾಟಿ ಹೋದ ನಮ್ಮ ಕಾವೇರಿಗೆ ತಿರುಮಕೂಡಲು ನರಸೀಪುರದಲ್ಲಿ ಬಂದು ಸೇರುತ್ತಾಳಲ್ಲ, ಅದೇ ಕಪಿಲೆ.

ಆ ಹೊಳೆಯಲ್ಲಿ ಗಂಡನನ್ನು ಕಳೆದುಕೊಂಡ ಕಾತ್ಯಾಯನಿಗೆ ಇನ್ನೂ ಎಳೆಯ ವಯಸ್ಸು. ಮಡಿಲಲ್ಲಿ ಕೂಸು. ಮಾವ ಶ್ರೀನಿವಾಸ ಶ್ರೋತ್ರಿಗಳು ಕೆಟ್ಟವರಲ್ಲ. ಸೊಸೆ ಮೈಸೂರಿಗೆ ಹೋಗಿ ಓದಲು ಒಪ್ಪುತ್ತಾರೆ. ಹುಡುಗಿ ರೈಲು ಹತ್ತುತ್ತಾಳೆ. ಈಗಲೂ ನಮ್ಮ ಪಾಂಡವಪುರ, ಶ್ರೀರಂಗಪಟ್ಟಣದ ಮಕ್ಕಳು ಹತ್ತುವುದಿಲ್ಲವೇ, ಹಾಗೆಯೇ. ಕಾಲೇಜಿನಲ್ಲಿ ರಾಜನ ಪರಿಚಯವಾಗುತ್ತದೆ. ಒಂದು ಕಡೆ ಮನೆತನದ ಧರ್ಮ, ಇನ್ನೊಂದು ಕಡೆ ಮೈಮನಸ್ಸು. ಕೊನೆಗೆ ಅವಳು ಮರುಮದುವೆಯಾಗುತ್ತಾಳೆ, ಮಗನನ್ನು ಆ ಮನೆಯಲ್ಲೇ ಬಿಟ್ಟು.

ಆಮೇಲೆ ಆಗುವುದೇ ನನ್ನನ್ನು ಕಾಡುವ ಭಾಗ. ಅವಳ ಬಸಿರು ಮತ್ತೆ ಮತ್ತೆ ಇಳಿದುಹೋಗುತ್ತದೆ. ದೇಹ ಸೋಲುತ್ತದೆ. ಸಾಯುತ್ತಾಳೆ. ಕೃಷ್ಣರಾಜಪೇಟೆಯಲ್ಲಿ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸಾರ್, ಅವಳಿಗೆ ಶಿಕ್ಷೆ ಕೊಟ್ಟಿದ್ದು ದೇವರೋ, ಬರೆದವರೋ?” ಅಂದು ಗಂಟೆ ಬಾರಿಸಿತು, ನಾನು ಬಚಾವಾದೆ.

ಲೇಖಕರಿಗೆ ಅನ್ಯಾಯ ಮಾಡಬಾರದು. ಶ್ರೋತ್ರಿಗಳಿಗೂ ಆಸೆ ಕಾಡಿದ್ದನ್ನು ಅವರು ಮುಚ್ಚಿಡುವುದಿಲ್ಲ. ಹೆಂಡತಿ ಭಾಗೀರಥಮ್ಮನೇ ಕೆಲಸದ ಲಕ್ಷ್ಮಿಯನ್ನು ಇಟ್ಟುಕೊಳ್ಳಿ ಎಂದರೂ ಅವರು ತಡೆದುಕೊಳ್ಳುತ್ತಾರೆ. ತಾವು ಕಾಪಾಡಿದ ವಂಶದ ಬೇರೇ ಸುಳ್ಳೆಂದು ಕೊನೆಗೆ ಅವರಿಗೇ ಗೊತ್ತಾಗುತ್ತದೆ. ಆದರೆ ಶ್ರೋತ್ರಿಗಳ ಸಂಯಮ ಅವರೇ ಆರಿಸಿಕೊಂಡದ್ದು. ಕಾತ್ಯಾಯನಿಗೆ ಅದನ್ನು ಉಡಿಸಿ ಕೂರಿಸಿದ್ದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ?

ನಮ್ಮ ಶರಣರು ಬಹುಪಾಲು ಸಂಸಾರಿಗಳು. ಬಸವಣ್ಣ, ದಾಸಿಮಯ್ಯ, ಮೋಳಿಗೆ ಮಾರಯ್ಯ, ಯಾರೂ ಹೆಣ್ಣನ್ನು ಮಾಯೆ ಎಂದು ದೂರವಿಟ್ಟವರಲ್ಲ. ಕೌಶಿಕನನ್ನು ತೊರೆದು ನಡೆದ ಅಕ್ಕ ತನ್ನ ಆಸೆಯನ್ನು ಕೊಂದುಕೊಳ್ಳಲಿಲ್ಲ, ಅದಕ್ಕೆ ಚೆನ್ನಮಲ್ಲಿಕಾರ್ಜುನನ ಹೆಸರಿಟ್ಟಳು. ಅದೂ ಅವಳದೇ ಆಯ್ಕೆ. ಇಷ್ಟು ಹೇಳಿ ಚಪ್ಪಾಳೆ ಗಿಟ್ಟಿಸಿ ಕೂತುಬಿಡಬಹುದಿತ್ತು. ಅಗ್ರಹಾರದ ಕಥೆ, ನಮಗೇನು ಎನ್ನಬಹುದಿತ್ತು.

ನಮ್ಮ ಚಿಕ್ಕಮ್ಮನ ವಿಷಯ ಹೇಳುತ್ತೇನೆ. ಇಪ್ಪತ್ತು ತುಂಬುವ ಮೊದಲೇ ಗಂಡ ಹೋದರು. ನಮ್ಮಲ್ಲಿ ಸೀರೆ ಉಡಿಕೆ ಇತ್ತು. ಹಾಗಿದ್ದೂ ಅದನ್ನು ವಾಲಗವಿಲ್ಲದೆ, ರಾತ್ರಿ ಹೊತ್ತು, ಕದ್ದು ಮಾಡಿದಂತೆ ಮಾಡುತ್ತಿದ್ದರು. “ನಮ್ಮದು ದೊಡ್ಡ ಮನೆತನ, ಉಡಿಕೆ ಗಿಡಿಕೆ ಬೇಡ” ಎಂದರು ನಮ್ಮ ತಾತ. ಮನೆಯಲ್ಲಿ ಬಸವ ಜಯಂತಿಗೆ ಊಟ ಹಾಕುತ್ತಿದ್ದವರು ಅವರೇ. ಚಿಕ್ಕಮ್ಮ ನಲವತ್ತು ವರ್ಷ ತಪ್ಪದೆ ಲಿಂಗಪೂಜೆ ಮಾಡಿದರು. ಎಷ್ಟು ಭಕ್ತಿ ಎಂದು ಊರು ಹೊಗಳಿತು. ನಾನೂ ಹೊಗಳಿದ್ದೇನೆ.

ಕೊನೆಯ ದಿನಗಳಲ್ಲಿ ಒಮ್ಮೆ ಹತ್ತಿರ ಕೂರಿಸಿಕೊಂಡು ಹೇಳಿದರು: “ಲಿಂಗ ಐತಲ್ಲ, ಇನ್ನೇನು ಬೇಕು ಅಂದ್ರು ಕಣಪ್ಪ ಎಲ್ರೂವೆ. ಆಗ ನಂಗೆ ಏನೇನೋ ಬೇಕಾಗಿತ್ತು. ಹೇಳ್ಕೊಂಡ್ರೆ ಲಿಂಗಕ್ಕೆ ಅವಮಾನ ಆಯ್ತದೆ ಅಂತ ಸುಮ್ನಿದ್ದೆ.”

ಆ ಹುಡುಗಿಯ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರ ಇರಲಿಲ್ಲ. ಚಿಕ್ಕಮ್ಮ ಹೋಗಿ ಹನ್ನೊಂದು ದಿನಕ್ಕೆ ಕಾದಂಬರಿಯನ್ನು ಮತ್ತೆ ತೆಗೆದು ಓದಿದೆ. ಈ ಸಲ ಕಾತ್ಯಾಯನಿ ರೈಲು ಹತ್ತುವ ಪುಟದಲ್ಲೇ ಬಹಳ ಹೊತ್ತು ಕೂತಿದ್ದೆ. ನಮ್ಮ ಚಿಕ್ಕಮ್ಮ ಮೈಸೂರನ್ನು ನೋಡಿದ್ದು ಒಂದೇ ಸಲ, ಆಸ್ಪತ್ರೆಗೆಂದು.